ನಗರಸಭೆ, ಸುತ್ತಲಿನ ಪಂಚಾಯಿತಿಗಳು ಸೇರಿ ಸೋಲಾರ್ ಮಾಡಬಹುದಾ? ಕೋಲಾರದಿಂದ ಒಂದು ಉತ್ತರ

ನೀವು ಕೇಳಿರುವುದು ಇಷ್ಟು: "ನಮ್ಮದು ಸಣ್ಣ ನಗರಸಭೆ. ಸುತ್ತಲಿನ ಪಂಚಾಯಿತಿಗಳನ್ನು ಸೇರಿಸಿಕೊಂಡು ಸೋಲಾರ್, ನೀರು, ಹವಾಮಾನದ ಕೆಲಸ ಒಟ್ಟಿಗೆ ಮಾಡೋಣ ಅಂತ ಮಾತು ನಡೆದಿದೆ. ಎಲ್ಲರೂ ಬೆಂಗಳೂರು, ಕೋಲಾರ, ಪಾವಗಡದ ಉದಾಹರಣೆ ಕೊಡ್ತಾರೆ. ಆ ಕಡೆಯವರು ಯಾರಾದ್ರೂ ಹೇಳಿ, ಇದು ನಿಜಕ್ಕೂ ನಡೆಯುತ್ತಾ?"

ನಡೆಯುತ್ತೆ. ಆದರೆ ಒಪ್ಪಂದದ ಕಾಗದದಲ್ಲಿ ಯಾರ ಸಹಿ ಇದೆ ಅಂತ ಮೊದಲು ನೋಡಿ. ಈ ಮಾತು ಯಾಕೆ ಹೇಳಿದೆ ಅಂತ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ನನ್ನದು ಕೋಲಾರದಲ್ಲಿ ಮೋಟರ್ ರೀವೈಂಡಿಂಗ್ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಬೋರ್‌ವೆಲ್ ಮೋಟರ್ ಬಿಚ್ಚಿ, ಸುಟ್ಟ ಕಾಯಿಲ್ ತೆಗೆದು, ಹೊಸದು ಸುತ್ತುವುದೇ ಕೆಲಸ. ನಡುವೆ ಒಂದು ಅವಧಿಗೆ ಗ್ರಾಮ ಪಂಚಾಯಿತಿ ಸದಸ್ಯನೂ ಆಗಿದ್ದೆ. ಹಾಗಾಗಿ ಹವಾಮಾನ ಬದಲಾವಣೆ ಅನ್ನೋದನ್ನ ನಾನು ನೋಡಿದ್ದು ಸುಟ್ಟ ಮೋಟರಿನ ಕಡೆಯಿಂದ.

ಪಕ್ಕದವರ ಜೊತೆ ಕರೆಂಟ್ ಹಂಚಿಕೊಳ್ಳೋದು ನಮ್ಮ ಜಿಲ್ಲೆಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ ಸುಮಾರು 147 ಕಿಲೋಮೀಟರ್ ತಂತಿ ಹಾದು ನಮ್ಮ ಕೆಜಿಎಫ್‌ಗೆ ಬಂತು. ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಮೂರು ವರ್ಷ ಆದ ಮೇಲೆ, 1905ರಲ್ಲಿ. ಕರೆಂಟ್ ಕೊಳ್ಳುತ್ತೇವೆ ಅಂತ ಚಿನ್ನದ ಗಣಿ ಕಂಪನಿಗಳು ಮೊದಲೇ ಕರಾರು ಮಾಡಿಕೊಂಡಿದ್ದವು. ಆ ಧೈರ್ಯದ ಮೇಲೆ ಮೈಸೂರು ಸಂಸ್ಥಾನ ಅಷ್ಟು ದೂರ ಕಂಬ ನೆಟ್ಟಿತು. ಕಂಬದ ಕೆಳಗಿನ ಹಳ್ಳಿಗಳು ಮಾತ್ರ ಆಮೇಲೂ ಎಷ್ಟೋ ವರ್ಷ ಸೀಮೆಎಣ್ಣೆ ದೀಪದಲ್ಲೇ ಇದ್ದವು. ಕರಾರಿನಲ್ಲಿ ಅವುಗಳ ಹೆಸರು ಇರಲಿಲ್ಲ, ಅಷ್ಟೇ.

ಈಗ ಕೆ.ಸಿ. ವ್ಯಾಲಿಗೆ ಬರೋಣ. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ, ಪಂಪ್ ಮಾಡಿ, ಕೋಲಾರದ ಕೆರೆ ತುಂಬಿಸುವ ಯೋಜನೆ ಇದು. ದಿನಕ್ಕೆ 40 ಕೋಟಿ ಲೀಟರಿಗೂ ಜಾಸ್ತಿ ನೀರು, 126 ಕೆರೆ ಅನ್ನುವುದು ಲೆಕ್ಕ. ಹೆಬ್ಬಾಳ, ನಾಗವಾರ ಕಣಿವೆಯ ನೀರು ಇದೇ ಥರ ಚಿಕ್ಕಬಳ್ಳಾಪುರದ ಕಡೆಗೆ ಹೋಗುತ್ತೆ, ದಿನಕ್ಕೆ 21 ಕೋಟಿ ಲೀಟರ್, 65 ಕೆರೆಗೆ ಅಂತ. ನಮ್ಮಲ್ಲಿ ಮೊದಲು ನೀರು ಬಂದಿದ್ದು ಲಕ್ಷ್ಮೀಸಾಗರ ಕೆರೆಗೆ, 2018ರ ಜೂನ್‌ನಲ್ಲಿ. ಜನ ಹೂವು ಹಾಕಿ ಪೂಜೆ ಮಾಡಿದರು. ಜುಲೈನಲ್ಲಿ ಅದೇ ಕೆರೆಯಲ್ಲಿ ಬಿಳಿ ನೊರೆ ಎದ್ದಿತು. ಹೈಕೋರ್ಟ್‌ನಲ್ಲಿ ತಡೆ, ಆಮೇಲೆ ಸುಪ್ರೀಂ ಕೋರ್ಟ್‌ನಲ್ಲಿ ತಡೆ. 2019ರಲ್ಲಿ ಮತ್ತೆ ನೀರು ಹರಿಯಿತು.

ಕೆರೆಯಿಂದ ನೇರವಾಗಿ ನೀರೆತ್ತುವ ಹಾಗಿಲ್ಲ. ನೀರು ಭೂಮಿಗೆ ಇಂಗಬೇಕು, ಬೋರಿನಲ್ಲಿ ಬರಬೇಕು, ಅದು ಷರತ್ತು. ಇಂಗಿತು ಕೂಡ. ನನ್ನ ಅಂಗಡಿಯಲ್ಲಿ ಅದು ಹೇಗೆ ಗೊತ್ತಾಯಿತು ಹೇಳುತ್ತೇನೆ. ಮೊದಲೆಲ್ಲ ನಮ್ಮ ಕಡೆ ಸಾವಿರ, ಸಾವಿರದ ಇನ್ನೂರು ಅಡಿ ಕೊರೆಸಿ ಮೋಟರ್ ಬಿಡುತ್ತಿದ್ದರು. ನೀರು ಸಿಗದೆ ಪಂಪು ಒಣಗಿ ಓಡಿ ಸುಟ್ಟುಹೋಗೋದು. ಬೇಸಿಗೆ ಬಂದರೆ ನನಗೆ ಸುಗ್ಗಿ, ಹೇಳೋಕೆ ನಾಚಿಕೆ ಆಗುತ್ತೆ. ಕೆರೆ ತುಂಬಿದ ಎರಡು ವರ್ಷಕ್ಕೆ ನರಸಾಪುರದ ಕಡೆಯ ರೈತರು ಬೇರೆ ಕೆಲಸಕ್ಕೆ ಬರತೊಡಗಿದರು. "ಹದಿನೈದು ಲೆಂತ್ ಪೈಪು ಮೇಲಕ್ಕೆ ತೆಗೆಸಿದೆ ಕಣಣ್ಣ, ಈ ಪಂಪಿಗೆ ಸ್ಟೇಜ್ ಕಡಿಮೆ ಮಾಡಿಕೊಡು" ಅನ್ನೋರು. ಒಂದು ಲೆಂತ್ ಅಂದರೆ 20 ಅಡಿ ಪೈಪು, ಸ್ಟೇಜ್ ಅಂದರೆ ಪಂಪಿನೊಳಗೆ ನೀರನ್ನ ಮೇಲಕ್ಕೆ ತಳ್ಳುವ ಒಂದೊಂದು ಹಂತ. ನೀರು ಮುನ್ನೂರು ಅಡಿ ಮೇಲೆ ಬಂದಿದೆ ಅಂತ ಅರ್ಥ. ಎಲ್ಲಾ ಊರಲ್ಲೂ ಹೀಗೆ ಆಗಿದೆ ಅಂತ ಹೇಳಲ್ಲ. ಕೆರೆಗೆ ಹತ್ತಿರದ ಬೋರುಗಳ ಮಾತಿದು.

ಇದಕ್ಕೂ ಹವಾಮಾನಕ್ಕೂ ಏನು ಸಂಬಂಧ ಅಂತೀರಾ? ಲೆಕ್ಕ ಹಾಕಿ. ಸಾವಿರ ಅಡಿಯಿಂದ ಸಾವಿರ ಲೀಟರ್ ನೀರು ಎತ್ತಲು ಬರೀ ಭೌತಶಾಸ್ತ್ರದ ಲೆಕ್ಕದಲ್ಲೇ 0.8 ಯೂನಿಟ್ ಕರೆಂಟ್ ಬೇಕು. ಪಂಪು, ಮೋಟರು, ಕೇಬಲ್ಲಿನ ನಷ್ಟ ಸೇರಿಸಿದರೆ ಎರಡು ಯೂನಿಟ್ ಹತ್ತಿರ ಹೋಗುತ್ತೆ. ಅದೇ ನೀರು 400 ಅಡಿಯಲ್ಲಿ ಸಿಕ್ಕರೆ ಅದರ ಅರ್ಧ ಕೂಡ ಬೇಡ. ಒಂದು ಎಕರೆ ಟೊಮ್ಯಾಟೊಗೆ ಎಷ್ಟು ಸಾವಿರ ಲೀಟರ್ ಬೇಕು, ಜಿಲ್ಲೆಯಲ್ಲಿ ಎಷ್ಟು ಬೋರ್ ಇವೆ, ಯೋಚನೆ ಮಾಡಿ. ಯಾವ ಛಾವಣಿ ಸೋಲಾರೂ ಇಷ್ಟು ಕರೆಂಟ್ ಉಳಿಸಲ್ಲ.

ತಮಾಷೆ ಅಂದರೆ ಈ ಉಳಿತಾಯ ಯಾರ ಪುಸ್ತಕದಲ್ಲೂ ಇಲ್ಲ. ಕರ್ನಾಟಕದಲ್ಲಿ 10 ಎಚ್.ಪಿ. ವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಫ್ರೀ, ಹಣ ಸರ್ಕಾರ ಕಟ್ಟುತ್ತೆ. ಹಾಗಾಗಿ ಎಷ್ಟು ಉರಿಯಿತು, ಎಷ್ಟು ಉಳಿಯಿತು ಅಂತ ರೈತನೂ ನೋಡಲ್ಲ. ಇನ್ನೊಂದು ಕಡೆ ಬೆಂಗಳೂರಿನಿಂದ ಇಲ್ಲಿಗೆ ನೀರು ತಳ್ಳೋಕೂ ದೊಡ್ಡ ಪಂಪುಗಳು ಹಗಲು ರಾತ್ರಿ ಓಡಬೇಕು. ಅದನ್ನ ಕಳೆದು, ಇದನ್ನ ಕೂಡಿಸಿ, ಒಂದು ಹಾಳೆಯಲ್ಲಿ ಬರೆದಿದ್ದರೆ ನಗರ ಮತ್ತು ಜಿಲ್ಲೆ ಎರಡೂ ಎದೆ ತಟ್ಟಿ ಹೇಳಿಕೊಳ್ಳಬಹುದಿತ್ತು.

ಆದರೆ ನೀರಿನ ಗುಣಮಟ್ಟ? ಸದಸ್ಯನಾಗಿದ್ದಾಗ ಒಂದು ಸಭೆಯಲ್ಲಿ ನಮ್ಮ ಕೆರೆಯ ನೀರಿನ ಪರೀಕ್ಷೆಯ ವರದಿ ಕೇಳಿದೆ. ಒಂದು ಕಚೇರಿಯಲ್ಲಿ "ಅದು ನಮಗೆ ಬರಲ್ಲ" ಅಂದರು. ಅವರು ಹೇಳಿದ ಇನ್ನೊಂದು ಕಚೇರಿಗೆ ಹೋದೆ. ಅಲ್ಲಿ, "ನೀವು ಯಾರು? ಒಪ್ಪಂದದಲ್ಲಿ ಪಂಚಾಯಿತಿ ಇಲ್ವಲ್ಲ" ಅಂದರು. ಒರಟಾಗಿ ಹೇಳಲಿಲ್ಲ ಪಾಪ. ನಿಜವನ್ನೇ ಹೇಳಿದರು. ಕೆರೆ ನಮ್ಮೂರಿನದು, ನೀರು ಕುಡಿಯುವ ದನ ನಮ್ಮವು, ವರದಿ ಕೇಳುವ ಹಕ್ಕಿನ ಕಾಗದ ನಮ್ಮ ಹತ್ತಿರ ಇಲ್ಲ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಈ ಭಾಗದ ರೈತರು ವರ್ಷಗಳಿಂದ ಕೂಗುತ್ತಿರುವುದೂ ಇದೇ ಕಾರಣಕ್ಕೆ ಇಷ್ಟು ಎಳೆದಿದೆ ಅಂತ ನನ್ನ ಅನಿಸಿಕೆ. ಕೊಡುವವರು, ತರುವವರು ಇಬ್ಬರೂ ಸರ್ಕಾರವೇ. ತೆಗೆದುಕೊಳ್ಳುವವನ ಸಹಿ ಎಲ್ಲೂ ಇಲ್ಲ.

ಅಮೆರಿಕದ ಫ್ಲಾರಿಡಾದಲ್ಲಿ ಮಯಾಮಿ ಸೇರಿ ನಾಲ್ಕು ಕೌಂಟಿಗಳು (ನಮ್ಮ ಜಿಲ್ಲೆ ಇದ್ದ ಹಾಗೆ) 2010ರಲ್ಲಿ ಹವಾಮಾನಕ್ಕೆ ಅಂತ ಒಪ್ಪಂದ ಮಾಡಿಕೊಂಡವು. ಅವರು ಶುರುವಿನಲ್ಲೇ ಮಾಡಿದ ಕೆಲಸ ನನಗೆ ಹಿಡಿಸಿತು. ಸಮುದ್ರ ಎಷ್ಟು ಏರುತ್ತೆ ಅನ್ನುವುದಕ್ಕೆ ನಾಲ್ಕೂ ಕಡೆಯವರು ಒಂದೇ ಅಂದಾಜು ಇಟ್ಟುಕೊಂಡರು. ನಿಮ್ಮ ಅಂಕಿ ಬೇರೆ, ನಮ್ಮ ಅಂಕಿ ಬೇರೆ ಅಂತ ಜಗಳ ಆಡೋ ಹಾಗಿಲ್ಲ. ನಮ್ಮ ಕೆರೆ ನೀರಿಗೂ ಅಂಥದ್ದೊಂದು ವರದಿ, ಎರಡೂ ಕಡೆಯವರು ಒಪ್ಪಿದ ಲ್ಯಾಬಿನಿಂದ, ಪಂಚಾಯಿತಿ ಬೋರ್ಡಿಗೆ ತಿಂಗಳು ತಿಂಗಳು ಬರುವಂತಿದ್ದರೆ ಅರ್ಧ ಅನುಮಾನ ಹೋಗುತ್ತಿತ್ತು.

ಪಾವಗಡದ ಕಥೆ ಬೇರೆ. ನನ್ನ ಹೆಂಡತಿಯ ತವರು ಆ ಕಡೆ. ತುಮಕೂರು ಜಿಲ್ಲೆಗೇ ಸೇರಿದರೂ ಬಹುಪಾಲು ಆಂಧ್ರದಿಂದ ಸುತ್ತುವರಿದ ತಾಲ್ಲೂಕು, ಮಳೆ ಕಡಿಮೆ. ಅಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರದ ಕಡೆ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ರಾಜ್ಯ ಮತ್ತು ಕೇಂದ್ರದ ಸಂಸ್ಥೆಗಳು ಸೇರಿ 2015ರಲ್ಲಿ ಒಂದು ಕಂಪನಿ ಕಟ್ಟಿ ಮಾಡಿದ್ದು. ಜಮೀನು ಕೊಂಡುಕೊಳ್ಳಲಿಲ್ಲ. ಗುತ್ತಿಗೆಗೆ ತೆಗೆದುಕೊಂಡರು. ವರ್ಷಕ್ಕೆ ಎಕರೆಗೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಜಾಸ್ತಿ. ನನ್ನ ಭಾವಮೈದ ಏಳು ಎಕರೆ ಕೊಟ್ಟಿದ್ದಾನೆ. "ಮಳೆ ಬರಲಿ ಬಿಡಲಿ, ದುಡ್ಡು ಬರುತ್ತೆ ಭಾವ" ಅನ್ನುತ್ತಾನೆ. ಪಹಣಿ ಅವನ ಹೆಸರಲ್ಲೇ ಇದೆ. ದುಡ್ಡು ತಡವಾದರೆ ಗುತ್ತಿಗೆ ಪತ್ರ ಹಿಡಿದುಕೊಂಡು ಹೋಗಿ ಕೇಳುವ ಧೈರ್ಯ ಅವನಿಗಿದೆ.

ಅವನ ಹೊಲದಲ್ಲಿ ಕಡಲೆಕಾಯಿ ಕೀಳೋಕೆ ಬರುತ್ತಿದ್ದ ಅಜ್ಜಿಯೊಬ್ಬರು ಇದ್ದಾರೆ. ಹೋದಾಗ ಮಾತಾಡಿಸಿದೆ. "ಕೂಲಿಗೆ ಕರೆಯೋರೇ ಇಲ್ಲ ಕಣಪ್ಪ, ಮೇಕೆ ಬಿಡೋಣ ಅಂದ್ರೆ ಬೇಲಿ" ಅಂದರು. ಜಮೀನು ಇದ್ದವನಿಗೆ ಗುತ್ತಿಗೆ ಪತ್ರ ಸಿಕ್ಕಿತು. ಜಮೀನಿಲ್ಲದವರಿಗೆ ಯಾವ ಪತ್ರವೂ ಇಲ್ಲ. ನಿಮ್ಮ ಪಂಚಾಯಿತಿಗಳ ಗೋಮಾಳದಲ್ಲಿ ಸೋಲಾರ್ ಹಾಕೋ ಯೋಚನೆ ಇದ್ದರೆ ಕುರಿ ಕಾಯುವವರನ್ನ ಮೊದಲ ಸಭೆಗೇ ಕರೆಯಿರಿ. ಆಮೇಲೆ ಕರೆದರೆ ಅವರು ಜಗಳಕ್ಕೇ ಬರೋದು, ತಪ್ಪೂ ಅಲ್ಲ.

ಬೆಂಗಳೂರು ತನ್ನ ಹವಾಮಾನ ಯೋಜನೆಯನ್ನು 2023ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿತು. 2050ಕ್ಕೆ ನೆಟ್ ಝೀರೋ, ಅಂದರೆ ಗಾಳಿಗೆ ಬಿಡುವ ಇಂಗಾಲಕ್ಕೂ ಹೀರಿಕೊಳ್ಳುವ ಇಂಗಾಲಕ್ಕೂ ಸರಿಹೋಗಬೇಕು ಅನ್ನೋ ಗುರಿ. ಒಳ್ಳೆಯದೇ. ಆದರೆ ನಗರಕ್ಕೆ ಬೇಕಾದ ಬಿಸಿಲು ಬೀಳೋ ಖಾಲಿ ಜಾಗ, ನಗರದ ನೀರು ಹೋಗಬೇಕಾದ ಕೆರೆ, ಎರಡೂ ನಗರದ ಗಡಿ ಆಚೆಗೇ ಇವೆ ಅಲ್ವಾ.

ಇನ್ನು ನಿಮ್ಮ ನಗರಸಭೆಯ ವಿಷಯ. ಮೆಲ್ಬೋರ್ನ್ ನಗರದ ಉದಾಹರಣೆ ಯಾರಾದ್ರೂ ಕೊಟ್ಟಿರಬಹುದು. ಅಲ್ಲಿ ನಗರ ಪಾಲಿಕೆ, ಪಕ್ಕದ ಪಾಲಿಕೆಗಳು, ವಿಶ್ವವಿದ್ಯಾಲಯ, ಬ್ಯಾಂಕ್ ಹೀಗೆ 14 ಸಂಸ್ಥೆಗಳು ಸೇರಿ 2017ರಲ್ಲಿ ಒಟ್ಟಿಗೆ ಗಾಳಿ ವಿದ್ಯುತ್ ಕೊಳ್ಳುವ ಕರಾರು ಮಾಡಿದವು. ಆ ಕರಾರಿನಿಂದಲೇ ಹೊಸ ವಿಂಡ್ ಫಾರ್ಮ್ ಎದ್ದು ನಿಂತಿತು. ಕೆಜಿಎಫ್ ಕಥೆಯೇ, ನೂರು ವರ್ಷ ಆದ ಮೇಲೆ. ಆದರೆ ಇಲ್ಲಿ ಅದನ್ನ ಹಾಗೇ ತಂದು ಹಾಕೋಕಾಗಲ್ಲ. ನಮ್ಮ ನಗರಸಭೆಗಳ ಕೈಲಿ ಕರೆಂಟ್ ಇಲ್ಲ. ಬೆಂಗಳೂರಿನಿಂದ ದಾವಣಗೆರೆವರೆಗೆ ಎಂಟು ಜಿಲ್ಲೆಗೆ ಕರೆಂಟ್ ಹಂಚುವ ಸರ್ಕಾರಿ ಕಂಪನಿ ಬೆಸ್ಕಾಂ ಒಂದೇ. ಹಸಿರು ವಿದ್ಯುತ್ತನ್ನು ನೇರವಾಗಿ ಕೊಳ್ಳಲು 100 ಕಿಲೋವ್ಯಾಟ್ ಲೋಡ್ ಸಾಕು ಅಂತ ಕೇಂದ್ರ 2022ರಲ್ಲಿ ನಿಯಮ ತಂದಿತು. ಅದನ್ನ ನಮ್ಮ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ರದ್ದು ಮಾಡಿತು. ಹಾಗಾಗಿ ನಿಮ್ಮ ವಿದ್ಯುತ್ ಕಂಪನಿಯ ಕಾರ್ಯನಿರ್ವಾಹಕ ಇಂಜಿನಿಯರ್ ಹತ್ತಿರ ಈಗಿನ ನಿಯಮ ಏನು ಅಂತ ಲಿಖಿತವಾಗಿ ಕೇಳಿಕೊಂಡೇ ಮುಂದೆ ಹೋಗಿ.

ಹಳ್ಳಿ ಮಟ್ಟದಲ್ಲಿ ಸುಲಭದ ದಾರಿ ಕುಸುಮ್ ಸಿ, ಅಂದರೆ ರೈತರ ಸೋಲಾರ್‌ಗೆ ಅಂತ ಇರುವ ಕೇಂದ್ರದ ಕುಸುಮ್ ಯೋಜನೆಯ ಒಂದು ಭಾಗ. ಸಬ್‌ಸ್ಟೇಷನ್ ಹತ್ತಿರವೇ ಸಣ್ಣ ಸೋಲಾರ್ ಹಾಕಿ, ಪಂಪ್‌ಸೆಟ್ ಫೀಡರಿಗೆ, ಅಂದರೆ ಪಂಪುಗಳಿಗೆ ಕರೆಂಟ್ ಒಯ್ಯುವ ತಂತಿ ಸಾಲಿಗೆ, ಹಗಲಲ್ಲೇ ಕರೆಂಟ್ ಕೊಡೋದು. ಗೌರಿಬಿದನೂರು ತಾಲ್ಲೂಕಿನಲ್ಲಿ 2025ರ ಜೂನ್‌ನಲ್ಲಿ ಇದನ್ನ ಉದ್ಘಾಟಿಸಿದರು. ನಮ್ಮ ಬಂಗಾರಪೇಟೆ ತಾಲ್ಲೂಕಿನ ಯಳೇಸಂದ್ರದಲ್ಲಿ 2010ರ ಹೊತ್ತಿಗೇ 3 ಮೆಗಾವ್ಯಾಟ್ ಸೋಲಾರ್ ಘಟಕ ಬಂದಿತ್ತು. ಫೀಡರ್ ಕೊನೆಯ ಪಂಪ್‌ಸೆಟ್‌ಗೂ ಸರಿಯಾದ ವೋಲ್ಟೇಜ್ ಸಿಗಬೇಕು ಅನ್ನೋದೇ ಅದರ ಯೋಚನೆ. ರೀವೈಂಡಿಂಗ್ ಮಾಡುವವನಾಗಿ ಹೇಳುತ್ತೇನೆ, ಮೋಟರ್ ಸುಡುವುದು ರಾತ್ರಿ ಎರಡು ಗಂಟೆಗೆ, ಲೋ ವೋಲ್ಟೇಜಿನಲ್ಲಿ, ಎಲ್ಲರೂ ಒಟ್ಟಿಗೆ ಸ್ಟಾರ್ಟರ್ ಒತ್ತಿದಾಗ.

ನಿಮ್ಮ ನಗರಸಭೆ ಮಾತ್ರ ಕುಡಿಯುವ ನೀರಿನ ಪಂಪಿನಿಂದ ಶುರು ಮಾಡಲಿ. ಸಣ್ಣ ಊರುಗಳಲ್ಲಿ ದೊಡ್ಡ ಕರೆಂಟ್ ಬಿಲ್ಲು ಅದೇ. 100 ಎಚ್.ಪಿ. ಪಂಪು ದಿನಕ್ಕೆ 16 ಗಂಟೆ ಓಡಿದರೆ ವರ್ಷಕ್ಕೆ ನಾಲ್ಕು ಲಕ್ಷ ಯೂನಿಟ್ ದಾಟುತ್ತೆ. ಅಷ್ಟಕ್ಕೆ ನಮ್ಮ ಬಿಸಿಲಿಗೆ ಸುಮಾರು 300 ಕಿಲೋವ್ಯಾಟ್ ಸೋಲಾರ್, ಒಂದೂವರೆ ಎಕರೆ ಜಾಗ ಸಾಕು. ನಗರದೊಳಗೆ ಒಂದೂವರೆ ಎಕರೆ ಸಿಗಲ್ಲ, ಪಕ್ಕದ ಪಂಚಾಯಿತಿಯಲ್ಲಿ ಸಿಗುತ್ತೆ. ಓವರ್‌ಹೆಡ್ ಟ್ಯಾಂಕ್‌ಗಳನ್ನ ಆದಷ್ಟು ಹಗಲಲ್ಲೇ ತುಂಬಿಸಿಕೊಳ್ಳಿ. ಪಂಚಾಯಿತಿಗೆ ವರ್ಷದ ಬಾಡಿಗೆ ಎಷ್ಟು, ಎಷ್ಟು ವರ್ಷಕ್ಕೊಮ್ಮೆ ಏರುತ್ತೆ, ಅವರ ಬೀದಿ ದೀಪಕ್ಕೆ ಎಷ್ಟು ಯೂನಿಟ್, ಕೊನೆಗೆ ಹಳೇ ಪ್ಯಾನಲ್ ಎತ್ತಿಕೊಂಡು ಹೋಗೋರು ಯಾರು, ಇಷ್ಟೂ ಕರಾರಿನಲ್ಲಿ ಬರಲಿ. ನಗರಸಭೆಯ ಪೌರಾಯುಕ್ತರ ಪಕ್ಕದಲ್ಲಿ ಪಂಚಾಯಿತಿ ಅಧ್ಯಕ್ಷರ ಸಹಿ ಇರಲಿ.

ಇದಕ್ಕೆ ಕೂರುವ ಜಾಗ ಸಂವಿಧಾನದಲ್ಲೇ ಇದೆ, ಜಿಲ್ಲಾ ಯೋಜನಾ ಸಮಿತಿ ಅಂತ. ಪಂಚಾಯಿತಿ, ನಗರಸಭೆ ಎರಡರ ಯೋಜನೆ ಸೇರಿಸಿ ಒಂದು ಮಾಡೋದೇ ಅದರ ಕೆಲಸ. ಆದರೆ 2021ರಲ್ಲಿ ಅವಧಿ ಮುಗಿದ ಮೇಲೆ ಜಿಲ್ಲಾ ಪಂಚಾಯಿತಿಗೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ, ಸಮಿತಿ ಹೆಸರಿಗಷ್ಟೇ ಉಳಿಯಿತು. ಅದಕ್ಕೆ ಕಾಯುತ್ತಾ ಕೂರಬೇಡಿ. ನಗರಸಭೆಯಲ್ಲಿ ಒಂದು ಠರಾವು, ಒಂದೇ ಒಂದು ಪಂಚಾಯಿತಿಯಲ್ಲಿ ಒಂದು ಠರಾವು, ಅಷ್ಟರಿಂದ ಶುರು ಮಾಡಿ. ಎಲ್ಲಾ ಪಂಚಾಯಿತಿಗಳನ್ನೂ ಒಂದೇ ಸಲ ಕೂರಿಸೋಕೆ ಹೋದರೆ ಊಟದ ವ್ಯವಸ್ಥೆಯಲ್ಲೇ ವರ್ಷ ಮುಗಿಯುತ್ತೆ.

ನಿಮ್ಮ ಊರಿನ ಪಂಪ್‌ಹೌಸಿನ ಹನ್ನೆರಡು ತಿಂಗಳ ಬಿಲ್ಲು, ಮೋಟರಿನ ನೇಮ್‌ಪ್ಲೇಟಿನ ಫೋಟೊ ಸಿಕ್ಕಿದರೆ ಇಲ್ಲೇ ಕೆಳಗೆ ಹಾಕಿ. ಎಷ್ಟು ಸೋಲಾರ್ ಬೇಕಾಗುತ್ತೆ ಅಂತ ಲೆಕ್ಕ ಹಾಕಿ ಹೇಳುತ್ತೇನೆ. ಮೋಟರ್ ಹಳೇದಾಗಿದ್ದು, ಎರಡು ಮೂರು ಸಲ ರೀವೈಂಡ್ ಆಗಿದ್ದರೆ ಅದನ್ನೂ ಬರೆಯಿರಿ. ಹಾಗಿದ್ದರೆ ಪ್ಯಾನಲ್‌ಗಿಂತ ಮೊದಲು ಮೋಟರ್ ಬದಲಾಯಿಸಿ ಅಂತಲೇ ಹೇಳೋದು, ನನ್ನ ಹೊಟ್ಟೆಪಾಡಿಗೆ ವಿರುದ್ಧವಾದ ಮಾತಾದರೂ.