ಅಕ್ಕಪಕ್ಕದ ಎರಡು ಊರುಗಳು ಜೊತೆಗೂಡಿ ಬೆಳೆಯಬೇಕಾದರೆ ಒಂದೇ ಪಾಲಿಕೆಯಾಗಲೇಬೇಕೆ?

ಆಗಲೇಬೇಕೆಂದೇನೂ ಇಲ್ಲ. ದಾವಣಗೆರೆ ಮತ್ತು ಹರಿಹರವನ್ನು ನೋಡಿ: ಒಂದರಲ್ಲಿ ಮಹಾನಗರ ಪಾಲಿಕೆ, ಇನ್ನೊಂದರಲ್ಲಿ ನಗರಸಭೆ, ಎರಡಕ್ಕೂ ಸೇರಿ ಒಂದೇ ನಗರಾಭಿವೃದ್ಧಿ ಪ್ರಾಧಿಕಾರ. ಶಿವಮೊಗ್ಗ–ಭದ್ರಾವತಿಯಲ್ಲೂ ಇದೇ ವ್ಯವಸ್ಥೆ. ಆದರೆ 1987ರ ಕರ್ನಾಟಕ ನಗರಾಭಿವೃದ್ಧಿ ಪ್ರಾಧಿಕಾರಗಳ ಕಾಯ್ದೆಯಡಿಯ ಈ ಪ್ರಾಧಿಕಾರಗಳ ಗಮನವೆಲ್ಲ ಮಹಾಯೋಜನೆ (ಮಾಸ್ಟರ್ ಪ್ಲಾನ್), ಬಡಾವಣೆ, ನಿವೇಶನಗಳ ಮೇಲೆ. ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದ ಹರಿಹರಕ್ಕೆ ಉದ್ಯೋಗ ತರುವುದು ಅವುಗಳ ಕೈಯಲ್ಲಿಲ್ಲ.

ನಿಜವಾಗಿ ದಾವಣಗೆರೆ, ಹರಿಹರ ಎರಡನ್ನೂ ಬೆಸೆದಿರುವುದು ನೀರು. ಹರಿಹರ ತಾಲ್ಲೂಕಿನ ರಾಜನಹಳ್ಳಿ ಬಳಿ ತುಂಗಭದ್ರೆಯಿಂದ ಎತ್ತಿದ ನೀರನ್ನು ದಾವಣಗೆರೆ ಕುಡಿಯುತ್ತದೆ. ಹೊಳೆ ಬತ್ತಿದರೆ ಅಥವಾ ಕೊಳಚೆ ಸೇರಿದರೆ ಯಾವ ಊರಿನ ಗಡಿಯೂ ಲೆಕ್ಕಕ್ಕೆ ಬರುವುದಿಲ್ಲ. ಇಂಥ ವಿಷಯಕ್ಕೆಂದೇ ಸಂವಿಧಾನದ 74ನೇ ತಿದ್ದುಪಡಿ ಜಿಲ್ಲಾ ಯೋಜನಾ ಸಮಿತಿಯನ್ನು ಕೊಟ್ಟಿದೆ. ನೀರಿನ ಹಂಚಿಕೆ, ಮೂಲಸೌಕರ್ಯ, ಪರಿಸರ ಎಲ್ಲವೂ ಅದರ ವ್ಯಾಪ್ತಿಯಲ್ಲಿವೆ. ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲು ಸ್ಥಳೀಯ ಸಂಸ್ಥೆಗಳ ಚುನಾಯಿತರೇ ಇರಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ವೇದಿಕೆ ಇಲ್ಲ. ಆದರೆ ಸ್ಥಳೀಯ ಚುನಾವಣೆಗಳೇ ವರ್ಷಗಟ್ಟಲೆ ಮುಂದೆ ಹೋದರೆ ಅದರಲ್ಲಿ ಕೂರುವವರು ಯಾರು?

ಇನ್ನು ಒಂದೇ ಪಾಲಿಕೆ ಮಾಡಿದ ಉದಾಹರಣೆ ಹುಬ್ಬಳ್ಳಿ–ಧಾರವಾಡ. 1962ರಿಂದ ಒಟ್ಟಿಗೆ ಇದ್ದವು. ನಡುವಿನ ಸುಮಾರು 20 ಕಿಲೋಮೀಟರ್ ದಾರಿಯಲ್ಲಿ ತ್ವರಿತ ಬಸ್ಸಿಗೆಂದೇ ಪ್ರತ್ಯೇಕ ಪಥವೂ ಬಂತು, ಅದು ದೊಡ್ಡ ಸಾಧನೆಯೇ. ಹೀಗಿದ್ದರೂ ಅನುದಾನವೆಲ್ಲ ಹುಬ್ಬಳ್ಳಿಯ ಪಾಲಾಗುತ್ತಿದೆ ಎಂಬ ಧಾರವಾಡದವರ ಅಸಮಾಧಾನ ತಣಿಯಲಿಲ್ಲ. 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆಗೆ ಒಪ್ಪಿಗೆ ನೀಡಿತು.

ಆದ್ದರಿಂದ ನನ್ನ ಮಟ್ಟಿಗೆ, ವಿಲೀನದ ಮಾತು ಎತ್ತುವ ಮೊದಲು ನೀರು, ಬಸ್ಸು, ಕಸ ವಿಲೇವಾರಿ ಈ ಮೂರರಲ್ಲಿ ಯಾವುದಾದರೂ ಒಂದಕ್ಕೆ ಖರ್ಚು ಹಂಚಿಕೆಯ ಲಿಖಿತ ಒಪ್ಪಂದ ಮಾಡಿಕೊಳ್ಳುವುದು ಜಾಣತನ.