ತಿಂಗಳ ಲೆಕ್ಕ ಸರಿ ಇತ್ತು, ವರ್ಷದ್ದು ಇರಲಿಲ್ಲ

ಹೊರಗೆ ತಿನ್ನುವುದು ಬಿಟ್ಟೆವು, ಸಿನಿಮಾ ಬಿಟ್ಟೆವು, ಆದರೂ ದುಡ್ಡು ಉಳಿಯುತ್ತಿಲ್ಲ, ಮನೆಯಲ್ಲಿ ಎಲ್ಲರ ಮುಖ ಸಪ್ಪೆ ಅಂತ ಪುಣೆಯ ವಾಕಡ್‌ನಿಂದ ಬರೆದಿದ್ದೀರಿ. ಲೆಕ್ಕ ಇಡಲು ಆ್ಯಪ್ ಒಳ್ಳೆಯದಾ, ಲಕೋಟೆಗಳಲ್ಲಿ ದುಡ್ಡು ಹಾಕಿಡುವುದು ಒಳ್ಳೆಯದಾ ಅಂತ ಪ್ರಶ್ನೆ. ನಾವು ಮುಂಬೈ ಹತ್ತಿರದ ಡೊಂಬಿವಲಿಗೆ ಬಂದ ಹೊಸತರಲ್ಲಿ ನಮ್ಮ ಮನೆಯೂ ಥೇಟ್ ಹೀಗೇ ಇತ್ತು.

ನಾನು ಪುಸ್ತಕ ಇಟ್ಟಿದ್ದೆ. ಹಾಲು, ತರಕಾರಿ, ನಮ್ಮ ಮನೆಯವರ ಲೋಕಲ್ ರೈಲಿನ ಪಾಸು, ಕೊತ್ತಂಬರಿ ಕಟ್ಟಿನ ಹತ್ತು ರೂಪಾಯಿ ಕೂಡ ಬರೆಯುತ್ತಿದ್ದೆ. ತಿಂಗಳ ಕೊನೆಗೆ ಕೂಡಿಸಿ ನೋಡಿ, ಮುಂದಿನ ತಿಂಗಳಿಗೆ ಏನಾದರೊಂದು ಕತ್ತರಿಸುತ್ತಿದ್ದೆ. ಮೊದಲು ನಿಂತದ್ದು ಮುಂಬೈಯ ಮಾಟುಂಗಾಕ್ಕೆ ಹೋಗಿ ಬರುವುದು. ಅಲ್ಲಿಯ ಮಾರ್ಕೆಟ್‌ನಲ್ಲಿ ತೆಂಗಿನಕಾಯಿ, ಕೆಸುವಿನ ಎಲೆ ಕೊಂಡು, ದೋಸೆ ಕಾಫಿ ಮುಗಿಸಿ, ಮಲ್ಲಿಗೆ ಮುಡಿದು ಬರುತ್ತಿದ್ದೆವು. ಆಮೇಲೆ ಮೀನು. ನಾವು ಕುಂದಾಪುರ ಕಡೆಯವರು. ಭಾನುವಾರಕ್ಕೆ ನಾಲ್ಕು ಬಂಗುಡೆ ತರುತ್ತಿದ್ದವಳು ಎರಡು ತರಲು ಶುರು ಮಾಡಿದೆ. ಒಂದು ಇವರಿಗೆ, ಒಂದು ಮಗನಿಗೆ, ನನಗೆ ಬರೀ ಸಾರು. ಒಂದಿನ ಮಗ ತನ್ನ ಮೀನನ್ನು ಅರ್ಧ ಮುರಿದು, ಮುಳ್ಳು ಬಿಡಿಸಿ, ನನ್ನ ತಟ್ಟೆಗೆ ಹಾಕಿ, "ಅಮ್ಮ, ನಿಂಗೆ ಮೀನು ಇಷ್ಟ ಇಲ್ವಾ?" ಅಂತ ಕೇಳಿದ. ನನಗೆ ಉತ್ತರ ಬರಲಿಲ್ಲ.

ಇಷ್ಟೆಲ್ಲ ಬಿಟ್ಟು ಉಳಿಸಿದ್ದು ತಿಂಗಳಿಗೆ 1,500 ರೂಪಾಯಿ. ವರ್ಷಕ್ಕೆ 18,000.

ನಾನು ತಪ್ಪಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ. ನಿಮ್ಮದೂ ಅಲ್ಲೇ ಇರುತ್ತದೆ ಅಂತ ನನಗೆ ಗಟ್ಟಿ ಅನಿಸುತ್ತಿದೆ. ನನ್ನ ಪುಸ್ತಕದಲ್ಲಿ ತಿಂಗಳು ತಿಂಗಳು ಬರುವ ಖರ್ಚು ಮಾತ್ರ ಇತ್ತು. ಏಪ್ರಿಲ್‌ನ ಎಲ್‌ಐಸಿ ಕಂತು ಇರಲಿಲ್ಲ. ಮೇ ತಿಂಗಳಲ್ಲಿ ಊರಿಗೆ ಹೋಗಿ ಬರುವುದು, ಜೂನ್‌ನಲ್ಲಿ ಶಾಲೆಯ ಫೀಸು, ಪುಸ್ತಕ, ರೇನ್‌ಕೋಟು ಇರಲಿಲ್ಲ. ಚೌತಿ, ದೀಪಾವಳಿ, ಮದುವೆಯ ಮುಯ್ಯಿ ಯಾವುದೂ ಇರಲಿಲ್ಲ. ಬಾಡಿಗೆ ಕರಾರಂತೂ ಇಲ್ಲಿ 11 ತಿಂಗಳದ್ದು, ನಿಮಗೂ ಗೊತ್ತಲ್ವಾ. ಅದು ಪ್ರತಿ ವರ್ಷ ಒಂದು ತಿಂಗಳು ಹಿಂದೆ ಸರಿಯುತ್ತಾ ಬರುತ್ತದೆ. ಒಂದು ವರ್ಷ ಸರಿಯಾಗಿ ಜೂನ್‌ಗೇ ಬಂತು. ಏಜೆಂಟಿಗೆ ದಲಾಲಿ, ರಿಜಿಸ್ಟ್ರೇಷನ್, ಹೆಚ್ಚಿದ ಡಿಪಾಸಿಟ್, ಅದರ ಜೊತೆಗೇ ಶಾಲೆ.

ಆಗ ಕ್ರೆಡಿಟ್ ಕಾರ್ಡ್ ಉಜ್ಜಿದೆವು. ಉಜ್ಜಿದ್ದಕ್ಕಿಂತ ದೊಡ್ಡ ತಪ್ಪು ಮಿನಿಮಮ್ ಡ್ಯೂ, ಅಂದರೆ ಬಿಲ್ಲಿನಲ್ಲಿ ಕೇಳುವ ಕನಿಷ್ಠ ಮೊತ್ತ ಮಾತ್ರ, ಕಟ್ಟಿ ಸುಮ್ಮನಾದದ್ದು. ಬಾಕಿ 40,000 ಅಂತಿಟ್ಟುಕೊಳ್ಳಿ. ತಿಂಗಳಿಗೆ 3.5% ಬಡ್ಡಿ ಅಂದರೆ 1,400 ರೂಪಾಯಿ. ಆ ಬಡ್ಡಿ ಮೇಲೆ 18% ಜಿಎಸ್‌ಟಿ, 252. ನೀವು 2,000 ಕಟ್ಟಿದರೆ 1,652 ಇದಕ್ಕೇ ಹೋಯಿತು. ಅಸಲಿಗೆ ಸೇರಿದ್ದು 348! ಇನ್ನೂ ಒಂದಿದೆ, ಇದು ನನಗೆ ಬಹಳ ತಡವಾಗಿ ತಿಳಿಯಿತು. ಪೂರ್ತಿ ಬಿಲ್ ಕಟ್ಟದೆ ಬಾಕಿ ಉಳಿಸಿಕೊಂಡರೆ ಹೊಸದಾಗಿ ಕೊಂಡದ್ದಕ್ಕೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಕಾರ್ಡಿನಲ್ಲಿ ಅಕ್ಕಿ ತಂದರೆ ತಂದ ದಿನದಿಂದಲೇ ಬಡ್ಡಿ. ನಾನು ಇತ್ತ ಬಂಗುಡೆ ಎಣಿಸುತ್ತಿದ್ದೆ, ಅತ್ತ ಮೀನಿನ ದುಡ್ಡು ಪೂರ್ತಿ ಬಡ್ಡಿಗೆ ಹೋಗುತ್ತಿತ್ತು.

ಕೊನೆಗೆ ನನ್ನ ಎರಡು ಬಳೆ ಬ್ಯಾಂಕಿನಲ್ಲಿ ಅಡವಿಟ್ಟು ಕಾರ್ಡ್ ಪೂರ್ತಿ ತೀರಿಸಿದೆವು. ಬಂಗಾರದ ಸಾಲಕ್ಕೆ ವರ್ಷಕ್ಕೆ 10% ಆಸುಪಾಸು ಬಡ್ಡಿ. ಕಾರ್ಡಿನ 3.5% ಅಂದರೆ ವರ್ಷಕ್ಕೆ 42%. ಅಮ್ಮ ಕೊಟ್ಟ ಬಳೆ ಅಂತ ಅಳು ಬಂತು, ಆದರೂ ಮಾಡಿದ್ದು ಸರಿ.

ಆಮೇಲೆ ಕೂತು ವರ್ಷದ ಖರ್ಚು ಬರೆದೆವು. ಎಲ್‌ಐಸಿ 24,000. ಶಾಲೆ 30,000. ಊರು 25,000. ಹಬ್ಬ 12,000. ಮನೆ ಕರಾರು 15,000. ಮುಯ್ಯಿ 8,000. ಒಟ್ಟು 1,14,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 9,500. ಸಂಬಳ ಬಂದ ದಿನವೇ ಇಷ್ಟನ್ನು ಬೇರೆ ಖಾತೆಗೆ ಹಾಕಲು ಶುರು ಮಾಡಿದೆವು. ಆ ಖಾತೆಗೆ ಯುಪಿಐ ಜೋಡಿಸಲಿಲ್ಲ, ನೀವೂ ಜೋಡಿಸಬೇಡಿ. ಬಿಲ್ಡಿಂಗ್‌ನ ಹೆಂಗಸರು ಭಿಶಿಗೆ, ಅಂದರೆ ನಮ್ಮ ಕಡೆಯ ಚೀಟಿಯಂಥದ್ದಕ್ಕೆ, ಕರೆದರು, ನಾನು ಸೇರಲಿಲ್ಲ. ನಮ್ಮ ಸರದಿ ಜೂನ್‌ಗೇ ಬರಬೇಕಲ್ಲ?

9,500 ಎಲ್ಲಿಂದ ತರುವುದು ಅಂತ ಕೇಳುತ್ತೀರಿ. ಬಹುಪಾಲು ಹೇಗೂ ಹೋಗುತ್ತಲೇ ಇತ್ತು, ಬಡ್ಡಿ ಸಮೇತ. ಉಳಿದದ್ದಕ್ಕೆ ಸ್ಟೇಷನ್ ಹತ್ತಿರದ ಮನೆ ಬಿಟ್ಟೆವು. ಬಾಡಿಗೆ 4,000 ಇಳಿಯಿತು, ಶೇರ್ ರಿಕ್ಷಾ ಖರ್ಚು ಕಳೆದರೂ ಕೈಯಲ್ಲಿ ಉಳಿಯಿತು. ನೀವೂ ಕಾಫಿ ಮೇಲೆ ಕಣ್ಣು ಹಾಕಬೇಡಿ, ಬಾಡಿಗೆ ಮೇಲೆ ಹಾಕಿ. ವಾಕಡ್ ಬಿಟ್ಟು ಪುನಾವಳೆ, ರಾವೇತ್ ಕಡೆ ವಿಚಾರಿಸಿ ನೋಡಿ. ಊರಿಗೆ ಹೋಗುವವರು 60 ದಿನ ಮೊದಲೇ ರೈಲು ಟಿಕೆಟ್ ಮಾಡಿಸಿ. ನಮಗೆ ಮತ್ಸ್ಯಗಂಧ ರೈಲು ತಪ್ಪಿದ ವರ್ಷವೆಲ್ಲ ಬಸ್ಸಿನವರು ಕೇಳಿದಷ್ಟು ಕೊಟ್ಟಿದ್ದೇವೆ.

ಹಾಗಾಗಿ ಆ್ಯಪೂ ಬೇಡ, ಲಕೋಟೆಯೂ ಬೇಡ. ಹತ್ತು ರೂಪಾಯಿಯನ್ನೂ ಬರೆದಿಡುವ ಮನೆಯಲ್ಲಿ ಯಾರಿಗೂ ಖುಷಿ ಇರುವುದಿಲ್ಲ. ಇಬ್ಬರಿಗೂ ತಿಂಗಳಿಗೆ ಇಷ್ಟು ಅಂತ ಲೆಕ್ಕ ಕೇಳದ ದುಡ್ಡು ಇರಲಿ, ನಮ್ಮಲ್ಲಿ ಸಾವಿರ ಸಾವಿರ. ನಾನು ಅದರಲ್ಲಿ ಮಲ್ಲಿಗೆ ತರುತ್ತೇನೆ, ಇವರು ಏನು ಮಾಡುತ್ತಾರೆ ಅಂತ ನಾನು ಕೇಳಿಲ್ಲ. ಭಾನುವಾರ ನಾಲ್ಕು ಬಂಗುಡೆ ಬರುತ್ತದೆ.

ಈ ವಾರ ಮನೆಯವರನ್ನು ಜೊತೆಗೆ ಕೂರಿಸಿಕೊಂಡು ಕಳೆದ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಯಿರಿ. ತಿಂಗಳು ತಿಂಗಳು ಬರದ ಖರ್ಚಿಗೆಲ್ಲ ಗುರುತು ಹಾಕಿ. ಕಾರ್ಡ್ ಬಾಕಿ ಇದ್ದರೆ ಮೊದಲು ಅದನ್ನು ತೀರಿಸಿ, ಆಮೇಲೆ ಬೇರೆ ಖಾತೆ. ಮುಯ್ಯಿ ನಗದಾಗಿ ಕೊಟ್ಟಿರುತ್ತೀರಿ, ಅದು ಸ್ಟೇಟ್‌ಮೆಂಟ್‌ನಲ್ಲಿ ಕಾಣುವುದಿಲ್ಲ. ಅದನ್ನು ಮನೆಯವರನ್ನೇ ಕೇಳಿ, ಯಾರ ಮದುವೆಗೆ ಎಷ್ಟು ಅಂತ ಅವರಿಗೆ ನೆನಪಿರುತ್ತದೆ.