ಮನೆಯ ಹಿಂದೆ ಆಟದ ಅಂಕಣ: ಅನುಮತಿ ಯಾರದು?

ಪ್ರಶ್ನೆ: ನಮ್ಮ ಮನೆ ಸುಂಟಿಕೊಪ್ಪದ ಸಮೀಪ, ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿದೆ. ಹಿಂಬದಿಯ ಇಳಿಜಾರಿನಲ್ಲಿ ಹಳೆಯ ಕಾಫಿ ಗಿಡಗಳನ್ನು ಕಿತ್ತು, ನೆಲ ಸಮ ಮಾಡಿಸಿ, ಮಕ್ಕಳಿಗಾಗಿ ಕಾಂಕ್ರೀಟಿನ ಬ್ಯಾಡ್ಮಿಂಟನ್ ಅಂಕಣ ಕಟ್ಟಿಸಿ ದೀಪ ಹಾಕಿಸಬೇಕೆಂದಿದ್ದೇನೆ. ಜಾಗವು ಜಮ್ಮಾ ಬಾಣೆಯಾಗಿದ್ದು (ಗದ್ದೆಗೆ ಹೊಂದಿಕೊಂಡು ವಂಶಪಾರಂಪರ್ಯವಾಗಿ ಬಂದ ಗುಡ್ಡದ ಜಮೀನು), ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಒಕ್ಕದ, ಅಂದರೆ ಮನೆತನದ, ಹಲವರ ಹೆಸರಿದೆ. ಸ್ವಂತ ಜಾಗಕ್ಕೆ ಯಾವ ಅನುಮತಿಯೂ ಬೇಡವೆಂದು ಗುತ್ತಿಗೆದಾರರು ಹೇಳುತ್ತಾರೆ. ಇದು ಸರಿಯೇ?
— ಓರ್ವ ಓದುಗರು, ಕೊಡಗು

ಉತ್ತರ: ಆಟದ ಅಂಕಣಕ್ಕೆಂದೇ ಪ್ರತ್ಯೇಕ ಪರವಾನಗಿ ಇಲ್ಲವೆಂಬಷ್ಟರ ಮಟ್ಟಿಗೆ ಅವರ ಮಾತು ಸರಿ. ಆದರೆ ಇಲ್ಲಿ ವಿಚಾರಕ್ಕೆ ಬರುವುದು ಆಟವಲ್ಲ, ಜಮೀನು. ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸುವುದಾದರೆ ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 95ನೇ ಕಲಮಿನಂತೆ ಜಿಲ್ಲಾಧಿಕಾರಿಗಳಿಂದ ಭೂಪರಿವರ್ತನೆಯ ಆದೇಶ ಪಡೆಯಬೇಕು. ಮನೆಗಾಗಿ ಈ ಹಿಂದೆಯೇ ಪರಿವರ್ತನೆಯಾಗಿರುವ ವಿಸ್ತೀರ್ಣದೊಳಗೆ ಅಂಕಣವೂ ಹಿಡಿಸುವುದಾದರೆ ಹೊಸ ಅರ್ಜಿಯ ಪ್ರಮೇಯವಿಲ್ಲ. ಆದ್ದರಿಂದ ಮೊದಲು ಹಳೆಯ ಆದೇಶವನ್ನೂ ನಕ್ಷೆಯನ್ನೂ ತೆಗೆದು ನೋಡಿ. ಬ್ಯಾಡ್ಮಿಂಟನ್ ಅಂಕಣದ ಅಳತೆ 13.40 ಮೀಟರ್ ಉದ್ದ, 6.10 ಮೀಟರ್ ಅಗಲ. ಸುತ್ತಲೂ ಎರಡು ಮೀಟರ್ ಬಿಟ್ಟರೂ ನಾಲ್ಕು ಸೆಂಟಿಗೆ (ಒಂದು ಸೆಂಟ್ ಎಂದರೆ ಎಕರೆಯ ನೂರನೇ ಒಂದು ಭಾಗ) ಸ್ವಲ್ಪ ಮೇಲಷ್ಟೇ ಆಗುತ್ತದೆ.

ಹೊಸದಾಗಿ ಪರಿವರ್ತನೆ ಬೇಕಾದರೆ ನಿಮಗೆ ನಿಜವಾದ ತೊಡಕು ಎದುರಾಗುವುದು ಆರ್‌ಟಿಸಿಯಲ್ಲಿ. ಜಂಟಿ ಹೆಸರಿನಲ್ಲಿರುವ ಜಮೀನಿಗೆ ಒಕ್ಕದ ಮುಖ್ಯಸ್ಥರಾದ ಪಟ್ಟೇದಾರರೊಬ್ಬರ ಸಹಿ ಸಾಲದು. ಹೆಸರಿರುವ ಎಲ್ಲರ ಒಪ್ಪಿಗೆ ಬೇಕು, ಇಲ್ಲವೇ ನಿಮ್ಮ ಭಾಗವನ್ನು ಅಳತೆ ಮಾಡಿಸಿ ಪ್ರತ್ಯೇಕಗೊಳಿಸಿಕೊಳ್ಳಬೇಕು. ಊರಲ್ಲಿರುವವರ ಒಪ್ಪಿಗೆ ಒಂದು ಸಂಜೆಯ ಕಾಫಿಯಲ್ಲಿ ಸಿಗಬಹುದು, ಹೊರಊರುಗಳಲ್ಲಿ ನೆಲೆಸಿರುವವರದು ಮಾತ್ರ ಸಾಮಾನ್ಯವಾಗಿ ತಡವಾಗುತ್ತದೆ. ಆ ಕೆಲಸವನ್ನು ಈಗಲೇ ಆರಂಭಿಸುವುದು ಜಾಣತನ. ತಡೆಗೋಡೆ ಮತ್ತಿತರ ಕಟ್ಟಡ ಕಾಮಗಾರಿಯ ಪರವಾನಗಿಗೆ ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ ಅವರನ್ನು ಕಾಣಿ.

ಕಾಫಿ ಗಿಡ ಕೀಳುವುದು ನಿಮಗೆ ಬಿಟ್ಟದ್ದು, ನೆರಳಿನ ಮರಗಳ ವಿಷಯ ಹಾಗಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಮರ ಕಡಿಯಲು ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗಳ ಅನುಮತಿ ಬೇಕಾಗುತ್ತದೆ. ಅದರ ಮೇಲೆ, ಬಾಣೆಯು ಅನ್‌ರಿಡೀಮ್ಡ್ (ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ್ದು) ಆಗಿದ್ದರೆ ಮರದ ಹಕ್ಕು ಸರ್ಕಾರದ್ದಾಗಿರುತ್ತದೆ. ಸಾಧ್ಯವಾದರೆ ದೊಡ್ಡ ಮರಗಳನ್ನು ಬಿಟ್ಟೇ ಅಂಕಣದ ಜಾಗ ಗುರುತಿಸಿ.

ಕಾಗದಪತ್ರಗಳಿಗಿಂತ ನನಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ‘ಇಳಿಜಾರು’ ಎಂದು ನೀವು ಬರೆದಿರುವುದು. ನಾಲ್ಕು ಮೀಟರಿಗೆ ಒಂದು ಮೀಟರ್ ಇಳಿಯುವ ನೆಲದಲ್ಲಿ ಹತ್ತು ಮೀಟರ್ ಅಗಲದ ತಟ್ಟು ಮಾಡಲು ಪೂರ್ತಿ ಅಗೆದರೆ ಮೇಲ್ಬದಿಯಲ್ಲಿ ಎರಡೂವರೆ ಮೀಟರ್ ಎತ್ತರದ ಹಸಿ ಬರೆ (ಕಡಿದಾದ ಮಣ್ಣಿನ ಗೋಡೆ) ಉಳಿಯುತ್ತದೆ. ತೆಗೆದ ಮಣ್ಣನ್ನು ಕೆಳಗೆ ಸುರಿದರೆ ಆ ಸಡಿಲ ಮಣ್ಣು ಮಳೆನೀರು ಕುಡಿದು ಜಾರುವ ಅಪಾಯವೂ ಸೇರಿಕೊಳ್ಳುತ್ತದೆ. 2018ರ ಆಗಸ್ಟ್ ತಿಂಗಳ ಭೂಕುಸಿತಗಳ ನಂತರ ಜಿಲ್ಲೆಯಲ್ಲಿ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ, ಆದರೂ ಹಿಟಾಚಿ ಬಾಡಿಗೆಗೆ ಸಿಕ್ಕ ದಿನ ನಾವು ಅದನ್ನು ಮರೆಯುತ್ತೇವೆ. ಕಾಂಕ್ರೀಟ್ ನೀರನ್ನು ಹೀರುವುದಿಲ್ಲವಾದ್ದರಿಂದ ಅಂಕಣದ ಸುತ್ತ ಚರಂಡಿ ಮಾಡಿ, ನೀರು ನೆರೆಯವರ ಗದ್ದೆಗೋ ಕಾರ್ಮಿಕರ ಲೈನ್‌ಮನೆಯ ಗೋಡೆಗೋ ನುಗ್ಗದೆ ತೋಡು ಸೇರುವಂತೆ ನೋಡಿಕೊಳ್ಳಬೇಕು. ತಡೆಗೋಡೆಯ ನಕ್ಷೆಯನ್ನು ಗುತ್ತಿಗೆದಾರರಿಂದಲ್ಲ, ಸಿವಿಲ್ ಎಂಜಿನಿಯರರಿಂದ ಮಾಡಿಸಿ. ಮಳೆಗಾಲದಲ್ಲಿ ಮಣ್ಣು ಕೆಲಸಕ್ಕೆ ಜಿಲ್ಲಾಡಳಿತ ನಿಷೇಧ ಹೇರುವುದುಂಟು. ಕಾಫಿ ಕೊಯ್ಲು ಮುಗಿದ ಮೇಲಿನ ಒಣ ತಿಂಗಳುಗಳೇ ಇದಕ್ಕೆ ಸೂಕ್ತ. ಇದಕ್ಕಿಂತ ದೊಡ್ಡದಾದ ಟೆನಿಸ್ ಅಂಕಣದ ಯೋಚನೆಯೇನಾದರೂ ಇದ್ದರೆ ಇಂಥ ನೆಲದಲ್ಲಿ ಅದನ್ನು ಕೈಬಿಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ದೀಪಗಳಿಂದ ವಿದ್ಯುತ್ ಹೊರೆ ಮಂಜೂರಾತಿಯನ್ನು ಮೀರುವುದಾದರೆ ಸೆಸ್ಕ್ (ವಿದ್ಯುತ್ ಸರಬರಾಜು ನಿಗಮ) ಕಚೇರಿಗೆ ಅರ್ಜಿ ಕೊಡಿ. ಎಲ್ಲ ಒಪ್ಪಿಗೆಗಳು ಕೈಸೇರುವವರೆಗೆ ಗುತ್ತಿಗೆದಾರರಿಗೆ ಮುಂಗಡ ಕೊಡಬೇಡಿ.